ತಿರಸ್ಕರಿಸಲಾಗಿದೆ

“ನೋಡವಾ ನುಜಹತ, ಹದಿನಾಲ್ಕು ಸಲ ಓದಿ ಕಳಿಸೇನಿ, ಹದಿನಾಲ್ಕೂ ಸಲ ‘ತಿರಸ್ಕರಿಸಲಾಗಿದೆ’ ಅಂತ ಬಂದೈತಿ. ಇನ್ನೊಂದು ಸಲ ಬಂದ್ರ ಕೆಲಸನ ಬಂದ್ ಅಂತ. ಮನ್ಯಾಗ ಎಲ್ಲಾರೂ ಕಾಗಿ ದನಿ ಅಂತ ನಗಾಕತ್ತಾರ.” ಸವಣೂರಿನಲ್ಲಿ ನುಜಹತಳ ಓಣಿಯವಳೇ ಆದ ಕರೆವ್ವ ಮೊಬೈಲು ಮುಂದೆ ಹಿಡಿದಳು. ಅದರಲ್ಲಿ ಅವಳದೇ ದನಿ ಕನ್ನಡದ ಸಾಲೊಂದನ್ನು ಓದುತ್ತಿತ್ತು. ಆ ದನಿಯ ಹಿಂದೆ ಯಾರೋ ರೊಟ್ಟಿ ಬಡಿಯುವ ಸದ್ದು.

ನುಜಹತಳಿಗೆ ಆ ಸದ್ದಿನ ಗುರುತು ಸಿಕ್ಕಿತು. ಕಂಪ್ಯೂಟರಿಗೆ ಕನ್ನಡ ಕಲಿಸುವ ಕಂಪನಿಗೆ ಜನ ಹೀಗೆ ಓದಿ ಕಳಿಸಿದ್ದನ್ನು ಮನೆಯಲ್ಲೇ ಕೂತು ಕೇಳಿ ಆರಿಸುವುದು ಅವಳ ಕೆಲಸ. ಬೆಳಿಗ್ಗೆ ಆ ಟಪಟಪ ಕಿವಿಗೆ ಬಿದ್ದ ಕೂಡಲೇ, ಸಾಲು ಮುಗಿಯುವ ತನಕವೂ ಕಾಯದೆ, ಹದಿನಾಲ್ಕನ್ನೂ ತಳ್ಳಿಹಾಕಿದ್ದಳು.

“ಅದು ಮಷೀನ್ ರೀ ಅಕ್ಕಾರ,” ಎಂದಳು, ಮುಖ ಎತ್ತದೆ. “ಅದಕ್ಕೇನ್ ತಿಳಿತೈತಿ?”

“ಹೌದೇನ!” ಕರೆವ್ವ ಉಸಿರು ಬಿಟ್ಟಳು. “ಯಾರರ ಮನಷ್ಯಾರು ಕುಂತು ಕೇಳಿ ಒಗದಾರಂತ ನಾ ಭಾಳ ನಾಚ್ಕೊಂಡಿದ್ದೆ.”