ಮಂಡಕ್ಕಿ ತಟ್ಟೆಯ ಅಡಿ

ಮೃತ್ಯುಂಜಯ ಸಾಹುಕಾರರು ತಾವೇ ತಂದಿಟ್ಟುಹೋದ ಮಂಡಕ್ಕಿ ತಟ್ಟೆಯನ್ನು ಮಾಲಾ ಸರಿಸಿದರೆ, ಅಡಿಯಲ್ಲೊಂದು ಮೊಬೈಲು. ಪರದೆಯ ಮೇಲೆ ಅವರದೇ ಹೆಸರು; ಕರೆ ಇನ್ನೂ ನಡೆದಿತ್ತು. ಸೊಸೆ ಶೈಲಶ್ರೀಗೆ ಹಾನಗಲ್ಲಿನ ಅಕ್ಕಿ ಗಿರಣಿಯ ಯಜಮಾನಿಕೆ ಕಲಿಸಲೆಂದು ನಾಯಕತ್ವ ತರಬೇತುದಾರ್ತಿ ಮಾಲಾಳನ್ನು ಕರೆಸಿದವರೇ ಅವರು.

ಮಾಲಾಳ ಮೈ ಉರಿಯಿತು. ಫೋನೆತ್ತಿ ಬಾಯಿಗೆ ಹಿಡಿದಳು. "ಸಾಹುಕಾರ್ರ, ಈ ಖೋಲ್ಯಾಗ ಆಡಿದ ಮಾತು ಹೊರಗ ಹೋಗಂಗಿಲ್ಲ ಅಂತ ಮೊದಲ ಹೇಳೇನಿ. ಹಿಂಗ ಕದ್ದು ಕೇಳೋದಾದ್ರ ನಿಮ್ಮ ಕೆಲಸಾನ ನನಗ ಬ್ಯಾಡ. ಫೋನ್ ಇಡ್ತೇನಿ."

ಅಷ್ಟರಲ್ಲಿ ಎದುರಿಗೆ ಕೂತಿದ್ದ ಶೈಲಶ್ರೀ ಅವಳ ಮುಂಗೈ ಹಿಡಿದಳು. "ಇಡಬ್ಯಾಡ್ರಿ ಅಕ್ಕಾರ." ಫೋನು ಇಸಿದುಕೊಂಡು, ಮಾವನೆದುರು ಎಂದೂ ಏರದ ದನಿಯಲ್ಲಿ ಹೇಳಿದಳು: "ಮಾವಾರ, ಕದ್ದು ಯಾಕ ಕೇಳ್ತೀರಿ? ಒಳಗ ಬರ್ರಿ, ಎದುರಿಗೇ ಹೇಳ್ತೇನಿ. ಬರೂಮುಂದ ಗಿರಣಿ ಕೀಲಿ ತರ್ರಿ."