ಹೆಸರಿಲ್ಲದ ಕಲ್ಲು

ಹಾಲಿನ ಗಿಂಡಿಯನ್ನು ಸೆರಗಿನಡಿ ಮರೆಮಾಡಿಕೊಂಡು ನಿಂಗಮ್ಮ ಹಿತ್ತಲ ಬಾಗಿಲು ದಾಟಿದ್ದನ್ನು ಜವರಯ್ಯ ಕಣ್ಣಾರೆ ಕಂಡ. ಬೆಳಿಗ್ಗೆ ತಾನೇ ಅವನ ಮುಂದೆ ಕರಿಕಾಫಿ ಕುಕ್ಕಿ, “ಹಾಲು ಒಡ್ದೋಯ್ತು” ಅಂದಿದ್ದಳು.

ಹಿಂಬಾಲಿಸೋಣವೆಂದರೆ ಮರ್ಯಾದೆ ಅಡ್ಡ ಬಂತು. ಕಾಫಿ ಎಸ್ಟೇಟಿನ ಮೇಸ್ತ್ರಿಯೇ ಹೆಂಡತಿಯ ಹಿಂದೆ ಕಳ್ಳಹೆಜ್ಜೆ ಹಾಕಿದನೆಂದು ನಾಳೆ ಆಳುಗಳ ಲೈನುಮನೆಯವರು ಆಡಿಕೊಂಡು ನಗುವುದಿಲ್ಲವೇ? ಅವಳು ಹೊಳೆಯ ದಾರಿ ಹಿಡಿದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಿದ್ದದ್ದೂ ಆ ದಾರಿಯಲ್ಲೇ. ಅವತ್ತು ಶನಿವಾರ. ರೈಟರ ಜಗುಲಿಯಲ್ಲಿ ಉಪದೇಶಿ ಬಂದಿಳಿದಿರುತ್ತಾನೆ.

ಉಪದೇಶಿ ತಿಮೊಥಿ ವಿರಾಜಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಕ್ರೈಸ್ತ ಬೋಧಕ. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಇಸ್ತ್ರಿ ಮಾಡಿದ ಜುಬ್ಬ, ಕೇಳಿದವರನ್ನು ಕೂರಿಸಿಬಿಡುವ ಗಂಟಲು. ಜವರಯ್ಯನಿಗೆ ಆ ಮೂರೂ ಆಗಿಬರುತ್ತಿರಲಿಲ್ಲ. ದೇವರನ್ನಾದರೆ ಬಿಟ್ಟುಕೊಟ್ಟಾನು, ಹೆಂಡತಿಯನ್ನು ಕೊಡುವವನಲ್ಲ.

ಎಲ್ಲಕ್ಕೂ ಆ ಕಲ್ಲೇ ಕಾರಣ. ಪಾಲಿಬೆಟ್ಟದ ಆ ಎಸ್ಟೇಟಿನಲ್ಲಿ, ಲೈನಿನ ಕೆಳಗೆ, ಹೊಳೆ ಬದಿಯ ಹಾಲುವಾಣ ಮರದ ಬುಡದಲ್ಲಿ ಗೇಣುದ್ದದ ಒಂದು ಕಲ್ಲು ನಿಂತಿತ್ತು. ಜನರ ಕಣ್ಣಿಗೆ ಬಿದ್ದದ್ದು ಈ ಸಲದ ಮಳೆ ಹಿಂದೆಗೆದ ಮೇಲೆ. ಸದಾ ತೊಳೆದಿರುತ್ತಿತ್ತು, ನೆತ್ತಿಯ ಮೇಲೊಂದು ಹೂ ಇರುತ್ತಿತ್ತು. ತಮಿಳರು ಮುನೀಶ್ವರ ಅಂದರು, ಮಲಯಾಳಿಗಳು ಗುಳಿಗ ಅಂದರು, ಕಾಡಿನ ಮೂಲದ ಎರವರು ನಮ್ಮದಲ್ಲ ಅಂದರು. ಏನೇ ಇರಲಿ ಎಂದು ಎಲ್ಲರೂ ಕೈ ಮುಗಿದರು.

ಕಾಫಿ ಕುಯ್ಲಿನ ಹೊತ್ತಿಗೆ ಬಂದ ಉಪದೇಶಿ ಜನರನ್ನು ಕಲ್ಲಿನ ಮುಂದೆ ಕೂರಿಸಿ, “ಇದು ಯಾವ ದೇವರು?” ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನಿಂಗಮ್ಮ ತಲೆ ತಗ್ಗಿಸಿದಳು. ಉಪದೇಶಿಯ ಮುಖ ಅರಳಿತು.

“ಪೌಲ ಅಂತ ಒಬ್ಬನಿದ್ದ. ಯೇಸುವಿನ ಸುದ್ದಿ ಹೊತ್ತು ಗ್ರೀಕರ ಅಥೇನೆ ಪಟ್ಟಣಕ್ಕೆ ಹೋದ. ಅಲ್ಲಿ ಬೀದಿಗೊಂದು ಗುಡಿ. ಒಂದು ಪೀಠಕ್ಕೆ ಮಾತ್ರ ದೇವರ ಹೆಸರಿಲ್ಲ, ಯಾರೆಂದು ತಿಳಿಯದ ದೇವರಿಗೆ ಅಂತ ಬರೆದಿತ್ತು. ಪೌಲ ಅದನ್ನು ಕೀಳಲಿಲ್ಲ, ಬೈಯಲಿಲ್ಲ. ಆ ತಿಳಿಯದವನ ಸುದ್ದಿಯನ್ನೇ ತಂದಿದ್ದೀನಿ ಅಂದ. ನಾವೆಲ್ಲ ಅವನ ಮಕ್ಕಳು ಅಂತ ನಿಮ್ಮ ಕವಿಗಳೇ ಹಾಡಿಲ್ಲವಾ, ಅಂತ ಅವರ ಮಾತನ್ನೇ ಅವರಿಗೆ ನೆನಪು ಮಾಡಿಕೊಟ್ಟ.”

ನಿಂಗಮ್ಮನ ಕಣ್ಣಲ್ಲಿ ನೀರು ಸುರಿಯಿತು. ಹಿಂದೆ ನಿಂತಿದ್ದ ಜವರಯ್ಯ ಹಲ್ಲು ಕಡಿದ. ಗಂಡನ ಮಾತಿಗೆ ಹೂಂ ಅನ್ನಲೂ ಬೇಸರಪಡುವವಳಿಗೆ ಈ ಕ್ರಾಪಿನವನ ಮಾತಿಗೆ ಅಳು!

ತನ್ನಲ್ಲೇನು ಕೊರತೆ? ಕುಡಿದು ಬಂದು ಹೊಡೆದವನಲ್ಲ. ಹಬ್ಬಕ್ಕೆ ಸಿದ್ದಾಪುರದಿಂದ ಸೀರೆ ತಂದಿದ್ದ. ಈ ಸಲದ ಮಳೆಗಾಲದಲ್ಲಿ ಆಳು ತರಲು ಕೊಡಗಿನ ಗಡಿ ದಾಟಿ ಮೈಸೂರು ರಾಜ್ಯಕ್ಕೆ ಹೋಗಿದ್ದಾಗ ಇಲ್ಲಿ ಹೆರಿಗೆಯಾಗಿ, ಅವನು ಬರುವಷ್ಟರಲ್ಲಿ ಕೂಸು ಹೋಗಿ, ನಿಂಗಮ್ಮನೇ ಮಣ್ಣು ಮಾಡಿ ಬಂದಿದ್ದಳು. ಆಗಲೂ ಅವಳನ್ನು ದೂರಲಿಲ್ಲ. ಅವಳು ಬಾಯಿ ತೆರೆದಾಗ, “ಆದದ್ದಾಯ್ತು, ಆ ಮಾತು ಈ ಮನೇಲಿ ಬ್ಯಾಡ” ಎಂದು ಅವಳನ್ನು ನೋವಿನಿಂದ ಉಳಿಸಿದ್ದ. ಇಷ್ಟು ನೋಡಿಕೊಂಡ ಗಂಡನಿಗೆ ಕರಿಕಾಫಿ, ಯಾವನೋ ಕ್ರಾಪಿನವನಿಗೆ ಹಾಲು.

ಕತ್ತಲಾಗುವ ಮೊದಲೇ ನಿಂಗಮ್ಮ ಬರಿ ಗಿಂಡಿ ಹಿಡಿದು ಬಂದಳು.

“ಯಾರ್ಗೆ ಕೊಟ್ಟೆ ಹಾಲ?”

ಅವಳು ಬೆದರಲಿಲ್ಲ. “ಹಸ್ದಿರೋರ್ಗೆ.”

“ಯಾರು ಅಂತ ನಂಗೊತ್ತು.”

ನಿಂಗಮ್ಮ ಬೆಚ್ಚಿ ಅವನ ಮುಖ ನೋಡಿದಳು. ಎಷ್ಟೋ ಕಾಲದ ಮೇಲೆ ಅವಳ ಕಣ್ಣಿನಲ್ಲಿ ಒಂದು ಬೆಳಕು ಆಡಿತು. “ಗೊತ್ತಾ? ಮತ್ತೆ ಒಂದ್ಸಲನಾದ್ರೂ ನೀವ್ಯಾಕೆ ಬರ್ಲಿಲ್ಲ?”

“ನಾಳೆ ಬತ್ತೀನಿ,” ಅಂದ ಜವರಯ್ಯ. ಎಂಥ ಧೈರ್ಯ ಈ ಹೆಂಗಸಿಗೆ! ಉಪದೇಶಿಯ ಮೇಲೆ ಕೈ ಮಾಡಿದರೆ ಕೆಲಸ ಹೋದೀತು. ಆದರೆ ಕಲ್ಲನ್ನೇ ಕಿತ್ತು ಹೊಳೆಗೆ ಎಸೆದರೆ? ಕಥೆಯೂ ಮುಗಿಯಿತು, ಕಥೆ ಹೇಳುವವನೂ ಬೇರೆ ಎಸ್ಟೇಟ್ ನೋಡಿಕೊಂಡಾನು.

ಭಾನುವಾರ ಹಾಲುವಾಣದ ಕೆಳಗೆ ಜನ ಸೇರಿದ್ದರು. ಕಲ್ಲಿನ ಮುಂದೆ ಹಾಲು ಇಂಗಿದ ಕಲೆಯಿತ್ತು. ಉಪದೇಶಿ ಕೈಯೆತ್ತಿ, “ಇದಕ್ಕೆ ಹೆಸರಿಲ್ಲ ಅಂದಿರಿ. ಇವತ್ತು ಆ ಹೆಸರು ಹೇಳ್ತೀನಿ,” ಎಂದು ಶುರುಮಾಡಿದ.

“ಹೆಸ್ರಿಡಕೆ ನೀನ್ಯಾವನಯ್ಯಾ?” ಜವರಯ್ಯ ಜನರನ್ನು ನೂಕಿಕೊಂಡು ಮುಂದೆ ಬಂದ. ಕೈಯಲ್ಲಿ ಹಾರೆ. “ದೂರ ಹೋಗು! ಇದು ಯಾವ್ ದೇವ್ರು ಅಂತ ನಾನೇ ಬುಡ ಮೀಟಿ ನೋಡ್ತೀನಿ.”

ಹಾರೆ ನೆಲಕ್ಕಿಳಿಯಿತು. ಮಣ್ಣು ಇನ್ನೂ ಸಡಿಲವಾಗಿತ್ತು. ಕಲ್ಲು ಒಮ್ಮೆ ಅಲುಗಿತು. ಯಾರೋ ಕಿರುಚಿದರು. ಉಪದೇಶಿ ಹಿಂದೆ ಸರಿದ.

ನಿಂಗಮ್ಮ ಎದ್ದಳು. ಈಗ ಹೋಗಿ ಆ ಉಪದೇಶಿಯನ್ನು ಕಾಯಲು ಅಡ್ಡ ನಿಲ್ಲುತ್ತಾಳೆ, ಊರೆಲ್ಲ ನೋಡಲಿ ಎಂದು ಜವರಯ್ಯ ಹಾರೆ ಹಿಡಿದೇ ಕಾದ. ಅವಳು ಉಪದೇಶಿಯ ಕಡೆ ತಿರುಗಿಯೂ ನೋಡಲಿಲ್ಲ. ಅಲುಗಿದ ಕಲ್ಲಿನ ಪಕ್ಕ ಕೂತು, ಎದ್ದ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ತಟ್ಟತೊಡಗಿದಳು.

“ಹಾರೆ ತೆಗೀರಿ,” ಅಂದಳು. “ಅಪ್ಪ ಬಂದು ಹೆಸ್ರಿಡ್ಲಿ ಅಂತ ಮಗ ಇಲ್ಲೇ ಮಲಗವ್ನೆ.”