ಮೂವತ್ತನೆಯವಳು

"ಬೆಳಿಗ್ಗೆಯಿಂದ ನೂರಾ ಎರಡು ಇದೆ ಟೀಚರ್. ಇವಳನ್ನ ಹೇಗೆ ಕಳಿಸ್ಲಿ?" ಹೊಲಿಗೆ ಮೆಷಿನ್ನಿನ ಮೇಲಿಟ್ಟಿದ್ದ ಥರ್ಮಾಮೀಟರನ್ನು ಎತ್ತಿ ತೋರಿಸಿದಳು ತಾಯಿ. ಒಳಗೋಣೆಯ ಚಾಪೆಯ ಮೇಲೆ ಎರಡನೇ ಕ್ಲಾಸಿನ ಪುಟ್ಟಿ ಕಂಬಳಿ ಹೊದ್ದು ಮುದುಡಿಕೊಂಡಿದ್ದಳು.

ಶಾಲೆಯಿಂದ ಓಡಿಬಂದಿದ್ದ ಟೀಚರ್ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದಳು. "ಅರ್ಧ ಗಂಟೆ ಸಾಕು ಅಕ್ಕಾ. ಹತ್ತು ಗಂಟೆಗೆ ಸಾಹೇಬ್ರು ಬರ್ತಾರೆ, ತಲೆ ಎಣಿಸ್ತಾರೆ, ಹೋಗ್ತಾರೆ. ಇಪ್ಪತ್ತೊಂಬತ್ತು ಮಕ್ಕಳು ಬಂದಿದ್ದಾರೆ. ಇವಳೊಬ್ಬಳು ಬಂದು ಕೂತ್ರೆ ಮೂವತ್ತು."

ಖರ್ಚು ಕಡಿತದ ಸುತ್ತೋಲೆ ಬಂದು ಹದಿನೈದು ದಿನವಾಗಿತ್ತು. ಎಣಿಕೆಯ ದಿನ ಮೂವತ್ತಕ್ಕಿಂತ ಕಡಿಮೆ ಮಕ್ಕಳು ಕಂಡ ಶಾಲೆಗೆ ಇನ್ನು ಮೇಲೆ ಒಬ್ಬರೇ ಮೇಷ್ಟ್ರು. ಹಾಜರಿ ಪುಸ್ತಕದ ಮೇಲೆ ಮೇಲಿನವರಿಗೆ ನಂಬಿಕೆಯಿಲ್ಲ. ಬೆಂಚಿನ ಮೇಲೆ ಕಂಡ ತಲೆಯಷ್ಟೇ ಲೆಕ್ಕ. ಮಕ್ಕಳೆಂದ ಮೇಲೆ ಜ್ವರವೂ ಬರುತ್ತದೆ ಎಂಬ ಸಂಗತಿ ಆ ಸುತ್ತೋಲೆ ಬರೆದ ಮಹಾನುಭಾವನಿಗೆ ಹೊಳೆದಿರಲಿಲ್ಲ. ಈ ಶಾಲೆಯ ಐದು ಕ್ಲಾಸಿಗೆ ಇದ್ದವರೇ ಇಬ್ಬರು, ಹೆಡ್ಮಾಸ್ಟರು ಮತ್ತು ಈ ಟೀಚರ್. ಒಬ್ಬರು ಹೋಗಬೇಕಾದರೆ ಯಾರು ಹೋಗಬೇಕೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಅಂದ್ರೆ, ನಿಮ್ಮ ಕೆಲಸ ಉಳಿಸೋಕೆ ನನ್ನ ಮಗಳು ಜ್ವರದಲ್ಲಿ ಕೂರ್ಬೇಕಾ?" ತಾಯಿ ಕೇಳಿಯೇ ಬಿಟ್ಟಳು.

"ಹೌದು. ಸುಳ್ಳು ಯಾಕೆ ಹೇಳ್ಲಿ?" ಟೀಚರ ಕಣ್ಣು ತುಂಬಿತು. "ಆದ್ರೆ ನಾನು ಹೋದ್ಮೇಲೆ ಐದೂ ಕ್ಲಾಸನ್ನ ಒಂದೇ ಕೋಣೆಗೆ ತುಂಬ್ತಾರೆ. ಪಾಪ ಹೆಡ್ಮಾಸ್ಟರು ಪಾಠ ಮಾಡ್ತಾರೋ, ಕುರಿ ಕಾಯ್ತಾರೋ, ನೀವೇ ಹೇಳಿ."

ದೊಡ್ಡ ಮಗಳು ಮೂರನೇ ಕ್ಲಾಸಿಗೆ ಬಂದರೂ ಎರಡಕ್ಷರ ಕೂಡಿಸಲು ತಡವರಿಸುತ್ತಿದ್ದದ್ದು, ಈ ಟೀಚರ್ ಬಂದ ಒಂದೇ ವರ್ಷದಲ್ಲಿ ಬಟ್ಟೆ ಹೊಲಿಸಲು ಬಂದವರ ಅಳತೆಯನ್ನೆಲ್ಲ ತಾನೇ ಬರೆದಿಡುವಷ್ಟಾದದ್ದು ತಾಯಿಗೆ ನೆನಪಾಗಿರಬೇಕು. ಪುಟ್ಟಿಗೂ ಈಗಷ್ಟೇ ಓದು ಹಿಡಿಸುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಪುಟ್ಟಿಗೆ ಯೂನಿಫಾರ್ಮಿನ ಮೇಲೆ ಸ್ವೆಟರ್ ತೊಡಿಸಿ ಎತ್ತಿಕೊಂಡಳು. "ಅರ್ಧ ಗಂಟೆ ಅಂದ್ರೆ ಅರ್ಧವೇ ಗಂಟೆ," ಎಂದಳು.

ಹತ್ತಾಯಿತು, ಹತ್ತೂವರೆಯಾಯಿತು, ಹನ್ನೊಂದೂ ದಾಟಿತು. ಸಾಹೇಬರ ಸುಳಿವಿಲ್ಲ. ಫೋನ್ ಮಾಡಿದರೆ "ದಾರಿಯಲ್ಲಿದ್ದೇವೆ" ಎಂಬ ಉತ್ತರ. ಯಾವ ದಾರಿಯೋ ದೇವರಿಗೇ ಗೊತ್ತು. ಎಣಿಕೆಗೆಂದು ಮಕ್ಕಳನ್ನೆಲ್ಲ ದೊಡ್ಡ ಕೋಣೆಯಲ್ಲಿ ಕೂರಿಸಿದ್ದರು. ಹೊರಗಿನವರು ಒಳಗಿರಬಾರದೆಂದು ಹೆಡ್ಮಾಸ್ಟರು ಹೇಳಿದ್ದರಿಂದ ತಾಯಿ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದಳು. ಕೊನೆಯ ಬೆಂಚಿನಲ್ಲಿ ಪುಟ್ಟಿ ಅಕ್ಕನ ಹೆಗಲಿಗೆ ಒರಗಿದ್ದಳು. ಟೀಚರ್ ಐದು ನಿಮಿಷಕ್ಕೊಮ್ಮೆ ಕರ್ಚೀಫು ಒದ್ದೆ ಮಾಡಿ ತಂದು ಹಣೆಗಿಡುತ್ತಿದ್ದಳು. ಇಟ್ಟಷ್ಟೂ ಅದು ಬಿಸಿಯಾಗುತ್ತಿತ್ತು.

"ಟೀಚರ್, ಇವಳು ನಡುಗ್ತಿದ್ದಾಳೆ," ಎಂದಳು ಅಕ್ಕ.

"ಸಾಕು, ನಾನು ಕರ್ಕೊಂಡು ಹೋಗ್ತೀನಿ!" ತಾಯಿ ಕಿಟಕಿ ಬಿಟ್ಟು ಬಾಗಿಲಿಗೆ ಓಡಿ ಬಂದಳು. ಅದೇ ಹೊತ್ತಿಗೆ ಗೇಟಿನ ಬಳಿ ಜೀಪು ನಿಂತ ಸದ್ದಾಯಿತು. ಹೆಡ್ಮಾಸ್ಟರು ಬಾಗಿಲಿಗೆ ಅಡ್ಡ ನಿಂತು ಕೈಮುಗಿದರು. "ಐದೇ ನಿಮಿಷ ತಾಯಿ. ಹುಷಾರಿಲ್ಲದ ಮಗೂನ ಎತ್ಕೊಂಡು ಬಂದಿದ್ದೀವಿ ಅಂತ ಗೊತ್ತಾದ್ರೆ ಲೆಕ್ಕಕ್ಕೇ ತಗೊಳ್ಳಲ್ಲ. ಪಕ್ಕದ ಶಾಲೇಲಿ ಹಾಗೇ ಆಯ್ತು."

ಒಳಗೆ ಟೀಚರ್ ಪುಟ್ಟಿಯ ಹಣೆಯಿಂದ ಒದ್ದೆ ಕರ್ಚೀಫು ಕಿತ್ತು ಮೇಜಿನ ಡ್ರಾಯರಿಗೆ ತುರುಕಿದಳು. ಬೇರೆ ಯಾರೂ ಸ್ವೆಟರ್ ಹಾಕಿರಲಿಲ್ಲ, ಅದನ್ನೂ ಬಿಚ್ಚಿದಳು. ಮಗುವಿನ ಹಲ್ಲು ಕಟಕಟ ಅನ್ನುತ್ತಿದ್ದುದು ಕೇಳಿಸುತ್ತಿದ್ದರೂ ಬಿಚ್ಚಿದಳು. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ಸಾಹೇಬರು ಕೂರಲೂ ಇಲ್ಲ. "ಒಬ್ಬೊಬ್ಬರಾಗಿ ಎದ್ದು ನಂಬರ್ ಹೇಳಿ," ಎಂದರು. ಒಂದು, ಎರಡು, ಮೂರು... ಎಣಿಕೆ ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಸಾಗಿತು. ಅಕ್ಕ ಎದ್ದು "ಇಪ್ಪತ್ತೊಂಬತ್ತು" ಎಂದಳು. ಆಮೇಲೆ ಯಾರೂ ಏಳಲಿಲ್ಲ. ಸಾಹೇಬರ ಪೆನ್ನು ನಿಂತಿತು.

"ಅಷ್ಟೇನಾ?"

ಟೀಚರ್ ಕೊನೆಯ ಬೆಂಚಿನತ್ತ ತಿರುಗಿದಳು. "ಏಳು ಪುಟ್ಟಿ. ನಮ್ಮ ಜಾಣೆ ಅಲ್ವಾ ನೀನು?"

ಪುಟ್ಟಿ ಬೆಂಚು ಹಿಡಿದುಕೊಂಡು ಎದ್ದಳು. ಮುಖ ಕೆಂಪಗೆ ಕಾದಿತ್ತು. "ಮೂವತ್ತು" ಎಂದು ಹೇಳಿ, ಸರಿಯಾಯಿತೇ ಎನ್ನುವಂತೆ ಟೀಚರ ಮುಖ ನೋಡಿ ನಕ್ಕಳು.

"ಇವಳ್ಯಾಕೆ ಹೀಗಿದ್ದಾಳೆ?"

"ನಾಚಿಕೆ ಸ್ವಭಾವ ಸರ್," ಎಂದಳು ಟೀಚರ್.

ಸಾಹೇಬರು ಬರೆದುಕೊಂಡರು, ಸೀಲು ಒತ್ತಿದರು, ಹೊರಟೇ ಹೋದರು. ಹೆಡ್ಮಾಸ್ಟರು ಮೇಜು ಗುದ್ದಿ "ಗೆದ್ದೆವಲ್ಲಮ್ಮಾ!" ಎಂದರು. ಏಕೆಂದು ತಿಳಿಯದಿದ್ದರೂ ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರಿಗೆ ಹೋದ ಜೀವ ಬಂದಂತಾಯಿತು. ಅವಳು ಕೊನೆಯ ಬೆಂಚಿನ ಬಳಿ ಬರುವಷ್ಟರಲ್ಲಿ ತಾಯಿ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡಾಗಿತ್ತು.

"ಅಕ್ಕಾ, ನಿಮ್ಮ ಉಪಕಾರಾನ ನಾನು ಈ ಜನ್ಮದಲ್ಲಿ..."

ತಾಯಿ ಅದನ್ನು ಪೂರ್ತಿ ಹೇಳಗೊಡಲಿಲ್ಲ. ಬೈಯಲೂ ಇಲ್ಲ. ರಜೆ ಕೇಳುವವರ ಹಾಗೆ ಮೆಲ್ಲಗೆ ಕೇಳಿದಳು:

"ಎಣಿಸಿ ಆಯ್ತಲ್ಲ ಟೀಚರ್. ಇನ್ನು ಇವಳಿಗೆ ಜ್ವರ ಬರಬಹುದಾ?"